ಕೇಳದೇ ಬಂದ ಒಲೆಗಳು

ಕಳೆದ ದೀಪಾವಳಿಗೆ ನಮ್ಮ ದೊಡ್ಡಮ್ಮನ ಮನೆಗೆ ಒಂದು ಇಂಡಕ್ಷನ್ ಒಲೆ ಬಂತು. ಬೆಂಗಳೂರಿನಲ್ಲಿ ಕೆಲಸ ಮಾಡುವ ಅವರ ಮಗ ಮೊಬೈಲಿನಲ್ಲೇ ಬುಕ್ ಮಾಡಿ ಕಳಿಸಿದ್ದ. ಸಂಕ್ರಾಂತಿಗೆ ನಾನು ಎಳ್ಳು ಬೆಲ್ಲ ಕೊಡಲು ಹೋದಾಗ ಅದು ಬೀರುವಿನ ಮೇಲೆ, ಬಂದ ಡಬ್ಬಿಯೊಳಗೇ ಕೂತಿತ್ತು.

"ಯಾಕೆ ದೊಡ್ಡಮ್ಮ, ಬಳಸ್ತಿಲ್ವಾ?" ಅಂದೆ.

"ಮೂರು ದಿನ ನೋಡ್ದೆ ಕಣಪ್ಪ. ನಮ್ ಪಾತ್ರೆ ಇಟ್ರೆ ಕುಯ್ ಕುಯ್ ಅಂತ ಬಡ್ಕೊಳ್ತದೆ. ಏನೋ ಇಂಗ್ಲಿಷಲ್ಲಿ ಬರೀತದೆ. ಇದ್ರ ಮೇಲೆ ಮುದ್ದೆ ತಿರುವಬೌದಾ ಅಂತ ಕೇಳಿದ್ರೆ ಯಾರ್ಗೂ ಗೊತ್ತಿಲ್ಲ. ನನ್ನ ಕೇಳಿ ತಂದಿದ್ದಾ ಇದ್ನ? ಬಂತು, ಕೂತದೆ."

ದೊಡ್ಡಮ್ಮನಿಗೆ ಅರವತ್ತೆರಡು. ಎರಡು ವರ್ಷದಿಂದ ಕೆಮ್ಮು. ಡಾಕ್ಟರು ಹೊಗೆ ಕಡಿಮೆ ಮಾಡಿ ಅಂದಿದ್ದಾರೆ. ಗ್ಯಾಸಿದೆ, ಆದರೆ ಅದು ನೆಂಟರು ಬಂದಾಗ ಮತ್ತು ಮಳೆಗಾಲಕ್ಕೆ. ದಿನದ ಅಡುಗೆ ಈಗಲೂ ಸೌದೆ ಒಲೆಯಲ್ಲೇ. ಹಾಗಾಗಿ ಈ ಡಬ್ಬಿ ಬೀರುವಿನ ಮೇಲೆ ಕೂತಿರುವುದು ಬರೀ ಎರಡು ಸಾವಿರ ರೂಪಾಯಿಯ ವಿಷಯ ಅಲ್ಲ.

"ನೀನು ಪೇಪರ್ನೋನಲ್ವಾ, ನೋಡಿ ಹೇಳು. ಇಟ್ಕೊಳ್ಳನಾ, ಬೇರೆ ತಗೊಳ್ಳನಾ, ವಾಪಸ್ ಕಳಿಸ್ಲಾ" ಅಂದರು.

ನೋಡಿ ಹೇಳಲು ಹೊರಟವನಿಗೆ ಅಂಗಡಿಗಿಂತ ಮೊದಲು ಹಳೆಯ ಕಥೆಗಳೇ ಎದುರಾದವು. ಅಡುಗೆ ಮಾಡುವವರನ್ನು ಕೇಳದೇ ನಮ್ಮ ಮನೆಗಳಿಗೆ ಬಂದ ಒಲೆಗಳಲ್ಲಿ ಇದು ಮೊದಲನೆಯದೇನಲ್ಲ.

ಪಾತ್ರೆಗೆ ತಕ್ಕ ಒಲೆ

ನಮ್ಮ ಅಜ್ಜಿಯರ ಮಣ್ಣಿನ ಒಲೆಯನ್ನು ಯಾವ ಅಂಗಡಿಯಿಂದಲೂ ತಂದದ್ದಲ್ಲ. ಹುತ್ತದ ಮಣ್ಣು, ಸಗಣಿ, ಹೊಟ್ಟು ಕಲಸಿ ಮನೆಯ ಹೆಂಗಸರೇ ಹಾಕಿಕೊಳ್ಳುತ್ತಿದ್ದರು. ಮುದ್ದೆ ಮಾಡುವ ಪಾತ್ರೆಯನ್ನು ಹಸಿ ಮಣ್ಣಿನ ಮೇಲೆ ಇಟ್ಟು, ತಿರುಗಿಸಿ, ಅದರ ಅಳತೆಗೇ ಬಾಯಿ ಮಾಡುತ್ತಿದ್ದರು. ಪಕ್ಕದಲ್ಲಿ ಸಾರು ಬಿಸಿಯಾಗಿರಲು ಒಂದು ಕೋಡಿ ಒಲೆ. ಮುಂದೆ ಕೆಂಡ ಎಳೆದು ರೊಟ್ಟಿಯೋ ಗೆಣಸೋ ಸುಡಲು ಜಾಗ. ಒಲೆ ಬಿರುಕು ಬಿಟ್ಟರೆ ಅಮಾವಾಸ್ಯೆಗೋ ಹಬ್ಬಕ್ಕೋ ಸಾರಿಸಿ ಸರಿ ಮಾಡುತ್ತಿದ್ದರು. ಮೊದಲು ಪಾತ್ರೆ, ಆಮೇಲೆ ಒಲೆ. ಈ ಕ್ರಮವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅದರ ಕಷ್ಟವೂ ಸಣ್ಣದಲ್ಲ. ಸೌದೆಯ ಕಾವಿನಲ್ಲಿ ಹತ್ತರಲ್ಲಿ ಒಂದು ಪಾಲು ಮಾತ್ರ ಪಾತ್ರೆಗೆ ಸೇರಿ ಉಳಿದದ್ದು ಗೋಡೆಗೆ, ಗಾಳಿಗೆ, ಅಡುಗೆ ಮಾಡುವವಳ ಮುಖಕ್ಕೆ. ಹೊಗೆ ಸೂರಿಗೆ ಹತ್ತಿ ಮಸಿಯಾಗುತ್ತಿತ್ತು. ಊದುಗೊಳವೆ ಹಿಡಿದು ಕೂತವರ ಎದೆಗೂ ಅದೇ ಮಸಿ.

ಕುಣಿಗಲ್ ತಾಲ್ಲೂಕಿನ ಪ್ರಯೋಗ

ಈ ಹೊಗೆಯನ್ನು ವಿಜ್ಞಾನಿಗಳು ಗಂಭೀರವಾಗಿ ತೆಗೆದುಕೊಂಡ ಜಾಗಗಳಲ್ಲಿ ಒಂದು ನಮ್ಮ ತುಮಕೂರು ಜಿಲ್ಲೆಯಲ್ಲೇ ಇದೆ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಅಮೂಲ್ಯ ಕೆ.ಎನ್. ರೆಡ್ಡಿಯವರ ಮುಂದಾಳತ್ವದಲ್ಲಿ 'ಅಸ್ತ್ರ' ಎಂಬ ಕೇಂದ್ರ ಶುರುವಾಯಿತು. ಹಳ್ಳಿಗೆ ಬೇಕಾದ ತಂತ್ರಜ್ಞಾನ ಮಾಡುವುದು ಅದರ ಕೆಲಸ. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅವರು ಒಂದು ಕೇಂದ್ರ ತೆರೆದರು. ಸುತ್ತಲಿನ ಆರು ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಯಾರು ಎಷ್ಟು ಸೌದೆ ಉರಿಸುತ್ತಾರೆ, ಅದನ್ನು ಯಾರು ಹೊರುತ್ತಾರೆ, ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಲೆಕ್ಕ ಹಾಕಿದರು. ಹಳ್ಳಿಯಲ್ಲಿ ಖರ್ಚಾಗುವ ಶಕ್ತಿಯಲ್ಲಿ ಬಹುಪಾಲು ಸೌದೆಯೇ, ಅದೂ ಅಡುಗೆಗೆ ಮತ್ತು ಸ್ನಾನದ ನೀರಿಗೆ ಎಂದು ಆ ಲೆಕ್ಕ ತೋರಿಸಿತು. ನಮ್ಮ ಅಜ್ಜಿಯನ್ನು ಕೇಳಿದ್ದರೆ ಅರ್ಧ ನಿಮಿಷದಲ್ಲಿ ಹೇಳುತ್ತಿದ್ದಳು, ನಿಜ. ಆದರೆ ಅಜ್ಜಿ ಹೇಳಿದ್ದು ಕಡತಕ್ಕೆ ಹೋಗುವುದಿಲ್ಲ, ಲೆಕ್ಕ ಹೋಗುತ್ತದೆ.

ಅಲ್ಲಿಂದ ಹುಟ್ಟಿದ್ದು ಅಸ್ತ್ರ ಒಲೆ. ಪ್ರೊಫೆಸರ್ ಕೆ.ಎಸ್. ಜಗದೀಶ್ ಮತ್ತು ಜತೆಗಾರರು 1980ರ ದಶಕದ ಆರಂಭದಲ್ಲಿ ರೂಪಿಸಿದ್ದು. ಸಾಲಾಗಿ ಮೂರು ಪಾತ್ರೆ ಕೂರುವ ಮುಚ್ಚಿದ ಒಲೆ, ಸೌದೆ ಇಡಲು ಕೆಳಗೆ ಜಾಲರಿ, ಹೊಗೆ ಹೋಗಲು ಕೊಳವೆ. ಪಾತ್ರೆಗಳು ತೂತಿನೊಳಗೆ ಬಿಗಿಯಾಗಿ ಇಳಿದು ಕೂರಬೇಕು, ಆಗ ಕಾವು ಪೂರ್ತಿ ಹಿಡಿಯುತ್ತದೆ. ಸರಿಯಾಗಿ ಕಟ್ಟಿ ಸರಿಯಾಗಿ ಬಳಸಿದರೆ ಅರ್ಧದಷ್ಟು ಸೌದೆ ಉಳಿಯುವಂಥ ಒಲೆ ಅದು. ಕರ್ನಾಟಕದ ಸಾವಿರಾರು ಮನೆಗಳಲ್ಲಿ ಕಟ್ಟಿದರು, ಗಾರೆಯವರಿಗೆ ತರಬೇತಿ ಕೊಟ್ಟರು.

ಅದೇ ಹೊತ್ತಿಗೆ ಕೇಂದ್ರ ಸರ್ಕಾರವೂ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ ತಂದಿತು. ಎರಡು ದಶಕದಲ್ಲಿ ದೇಶದಾದ್ಯಂತ 3 ಕೋಟಿಗೂ ಹೆಚ್ಚು ಒಲೆಗಳು ಲೆಕ್ಕಕ್ಕೆ ಬಂದವು. ಆದರೆ ಎಷ್ಟೋ ಕಡೆ ಅಧಿಕಾರಿಗಳಿಗೆ ಗುರಿ ಮುಟ್ಟಿಸುವುದೇ ಕೆಲಸವಾಯಿತು. ಕೊಳವೆಯಲ್ಲಿ ಮಸಿ ಕಟ್ಟಿಕೊಂಡರೆ ತೆಗೆಯುವವರಿಲ್ಲ. ಸೌದೆಯನ್ನು ಸಣ್ಣಗೆ ಸೀಳಿ ಹಾಕಬೇಕು, ಸೀಳುವ ಕೆಲಸವೂ ಹೆಂಗಸರದೇ. ಮನೆಯ ಪಾತ್ರೆ ಒಂದು ಅಳತೆ, ತೂತು ಇನ್ನೊಂದು ಅಳತೆ. 2002ರಲ್ಲಿ ಕೇಂದ್ರ ಆ ಕಾರ್ಯಕ್ರಮವನ್ನೇ ನಿಲ್ಲಿಸಿತು.

ನಮ್ಮ ಮನೆಯಲ್ಲೂ ಒಂದು ಹೊಗೆಕೊಳವೆ ಒಲೆ ಇತ್ತು. ನಾನು ನೋಡುವ ಹೊತ್ತಿಗೆ ಅಜ್ಜಿ ಅದರ ಬಾಯಿಯನ್ನು ಕುಡುಗೋಲಿನಲ್ಲಿ ಕೆತ್ತಿ ದೊಡ್ಡದು ಮಾಡಿದ್ದಳು. ತೆಂಗಿನ ಮಟ್ಟೆ ಇಡಿಯಾಗಿ ಹೋಗಬೇಕಿತ್ತು, ಅಷ್ಟೇ. ತೋಟದ ಮನೆಯಲ್ಲಿ ಉರಿಯುವುದು ಮಟ್ಟೆ, ಚಿಪ್ಪು, ಹೊಂಬಾಳೆ. ಅವನ್ನು ಗೇಣುದ್ದ ಕತ್ತರಿಸಿ ಕೂರಲು ಅವಳಿಗೆ ಹೊತ್ತಿರಲಿಲ್ಲ.

ಕುಣಿಗಲ್ ತಾಲ್ಲೂಕಿನದೇ ಇನ್ನೊಂದು ಕಥೆ ಪುರ ಎಂಬ ಹಳ್ಳಿಯದು. ಇಡೀ ಊರಿಗೆ ಒಂದು ದೊಡ್ಡ ಸಗಣಿ ಅನಿಲ ಸ್ಥಾವರ ಕಟ್ಟಿ, ಮನೆಮನೆಗೆ ಅಡುಗೆ ಗ್ಯಾಸ್ ಕೊಡುವುದು ಅಸ್ತ್ರದವರ ಯೋಜನೆ. ಊರಿನ ದನಗಳ ಸಗಣಿ ಅಷ್ಟು ಗ್ಯಾಸಿಗೆ ಸಾಲಲಿಲ್ಲ, ಯೋಜನೆ ನಿಂತಿತು. ಆಮೇಲೆ ಊರವರಿಗೆ ನಿಜವಾಗಿ ಬೇಕಾದ್ದೇನು ಎಂದು ನೋಡಿದಾಗ ಕಂಡದ್ದು ಕುಡಿಯುವ ನೀರು. 1987ರಲ್ಲಿ ಅದೇ ಗ್ಯಾಸಿನಿಂದ ಎಂಜಿನ್ ಓಡಿಸಿ, ಕರೆಂಟು ಮಾಡಿ, ಬೋರ್‌ವೆಲ್ ನೀರು ಎತ್ತಿ ನಲ್ಲಿಗೆ ಬಿಟ್ಟರು, ಮನೆಗಳಿಗೆ ದೀಪವನ್ನೂ ಕೊಟ್ಟರು. ಸಗಣಿ ಹಾಕಿದವರಿಗೆ ದುಡ್ಡು, ಗೊಬ್ಬರ ವಾಪಸ್. ವರ್ಷಗಟ್ಟಲೆ ನಡೆಯಿತು. ಈ ತಪ್ಪನ್ನೂ ಅದರಿಂದ ಕಲಿತದ್ದನ್ನೂ ರೆಡ್ಡಿಯವರೇ ಮುಚ್ಚಿಡದೆ ಬರೆದಿದ್ದಾರೆ. ಅದಕ್ಕೇ ಅವರ ಮೇಲೆ ನನಗೆ ಗೌರವ.

ಸೀಮೆಎಣ್ಣೆ, ಸುರುಳಿ, ಸಿಲಿಂಡರ್

ಸೀಮೆಎಣ್ಣೆ ಸ್ಟೌಗೆ ಇಷ್ಟು ಜಾಗ ಕೊಡಬೇಕಿಲ್ಲ. 1892ರಲ್ಲಿ ಸ್ವೀಡನ್ನಿನ ಲಿಂಡ್‌ಕ್ವಿಸ್ಟ್ ಎಂಬಾತ ಮಾಡಿದ ಪಂಪ್ ಸ್ಟೌ ನಮ್ಮ ತಾಲ್ಲೂಕು ಪೇಟೆಗಳ ತನಕ ಬಂತು. ಪಿನ್ನು ಚುಚ್ಚಿ, ಪಂಪು ಹೊಡೆದು, ಭುಸ್ ಎಂದು ಹತ್ತಿಸಿದ ನೆನಪು ನಲವತ್ತು ದಾಟಿದವರಿಗೆ ಇದ್ದೇ ಇದೆ. ಹಿಂದೆಯೇ ಬತ್ತಿ ಸ್ಟೌ, ರೇಷನ್ ಅಂಗಡಿಯ ಕ್ಯೂ, ಕ್ಯಾನು. ಹಳೆಯ ಪತ್ರಿಕೆ ತಿರುವಿದರೆ 'ಸ್ಟೌ ಸಿಡಿದು ಗೃಹಿಣಿ ಸಾವು' ಎಂಬ ಸುದ್ದಿ ಎಷ್ಟು ಸಲ ಸಿಗುತ್ತದೆಯೆಂದರೆ, ಎಲ್ಲ ಸ್ಟೌಗಳೂ ಸೊಸೆಯಂದಿರ ಮೇಲೆಯೇ ಏಕೆ ಸಿಡಿಯುತ್ತವೆ ಎಂದು ಮಹಿಳಾ ಸಂಘಟನೆಗಳು ಕೇಳಬೇಕಾಯಿತು. ಸ್ಟೌ ಹೆಸರಲ್ಲಿ ಮುಚ್ಚಿಹೋದ ಕೇಸುಗಳ ಲೆಕ್ಕ ಬೇರೆಯೇ ಬರೆಯಬೇಕು.

ಕರೆಂಟಿನಲ್ಲಿ ಅಡುಗೆ ಮಾಡುವುದೂ ನಮಗೆ ಹೊಸತಲ್ಲ. 1902ರಲ್ಲಿ ಶಿವನಸಮುದ್ರದಲ್ಲಿ ತಯಾರಾದ ಕರೆಂಟು ಹೋದದ್ದು ಕೋಲಾರದ ಚಿನ್ನದ ಗಣಿಗೆ. ನಮ್ಮ ಅಡುಗೆಮನೆಗೆ ಅದು ಬರಲು ತಲೆಮಾರುಗಳೇ ಹಿಡಿದವು. 1960ರ ದಶಕದಲ್ಲಿ ಶರಾವತಿ ಯೋಜನೆ ಶುರುವಾದ ಮೇಲೆ ರಾಜ್ಯದ ವಿದ್ಯುತ್ತಿನ ಚಿತ್ರವೇ ಬದಲಾಯಿತು. ಕೆಇಬಿ ಕಾಲದಲ್ಲಿ ಎಇಎಚ್ ಎಂಬ ಸಂಪರ್ಕ ಇತ್ತು, ಎಲ್ಲವೂ ವಿದ್ಯುತ್ತಿನಿಂದ ನಡೆಯುವ ಮನೆ ಎಂದು ಅರ್ಥ. ದೀಪಕ್ಕೆ ಒಂದು ಮೀಟರು, ನೀರು ಕಾಯಿಸಲು ಅಡುಗೆ ಮಾಡಲು ಇನ್ನೊಂದು. ಅದೆಲ್ಲ ಪಟ್ಟಣದ ಮಾತು. ಹಳ್ಳಿಗೆ ಬಂದದ್ದು ಭಾಗ್ಯಜ್ಯೋತಿಯ ಒಂದು ಬಲ್ಬು. ಜತೆಗೆ ಹಾಸ್ಟೆಲ್ ಹುಡುಗರ ಟ್ರಂಕಿನಲ್ಲಿ ಬಂದದ್ದು ಸುರುಳಿ ಒಲೆ. ಬಿಳಿ ಮಣ್ಣಿನ ತಟ್ಟೆಯಲ್ಲಿ ಸ್ಪ್ರಿಂಗಿನಂಥ ತಂತಿ, ಕೆಂಪಗೆ ಕಾಯುವುದು. ಹಾಲು ಉಕ್ಕಿ ಬಿದ್ದರೆ ಶಾಕ್ ಹೊಡೆಯುವ ಒಲೆ. ಇಂಡಕ್ಷನ್ ಎಂದರೆ ಈಗಲೂ ನಮ್ಮಲ್ಲಿ ಕೆಲವರು ಹೆದರುವುದು ಇದರ ನೆನಪಿಗೆ.

ಗ್ಯಾಸಿನ ಕಥೆ ನಿಮಗೇ ಗೊತ್ತು. ಇಂಡೇನ್ ಮೊದಲ ಸಿಲಿಂಡರ್ ಕೊಟ್ಟದ್ದು 1965ರಲ್ಲಿ, ಕೋಲ್ಕತ್ತದಲ್ಲಿ. ಆಮೇಲೆ ಬಹಳ ಕಾಲ ಗ್ಯಾಸ್ ಸಂಪರ್ಕಕ್ಕೆ ವರ್ಷಗಟ್ಟಲೆ ಕಾಯಬೇಕಿತ್ತು, ಸಂಸದರ ಕೋಟಾದ ಚೀಟಿಗೆ ಅಲೆಯಬೇಕಿತ್ತು. 2016ರ ಮೇ 1ರಂದು ಉತ್ತರ ಪ್ರದೇಶದ ಬಲಿಯಾದಲ್ಲಿ ಉಜ್ವಲ ಯೋಜನೆ ಶುರುವಾದ ಮೇಲೆ ಬಡವರ ಮನೆಗೂ ಸಿಲಿಂಡರ್ ಬಂತು. ಬಂದದ್ದು ನಿಜ, ಖಾಲಿಯಾದ ಮೇಲೆ ತುಂಬಿಸುವುದು ಇನ್ನೊಂದು ಮಾತು. ಸೌದೆ ಒಲೆ ಆರಲಿಲ್ಲ. ನಮ್ಮ ದೊಡ್ಡಮ್ಮನ ಮನೆಯೇ ಸಾಕ್ಷಿ.

ಪೇಪರ್ ಸುಡದ ಒಲೆ

ಇನ್ನು ಬೀರುವಿನ ಮೇಲಿನ ಡಬ್ಬಿಗೆ ಬರೋಣ.

ಇಂಡಕ್ಷನ್ ಒಲೆಯಲ್ಲಿ ಬೆಂಕಿ ಇಲ್ಲ, ಕಾಯುವ ತಂತಿಯೂ ಇಲ್ಲ. ಗಾಜಿನ ಕೆಳಗೆ ತಾಮ್ರದ ತಂತಿಯನ್ನು ಚಕ್ಕುಲಿಯ ಹಾಗೆ ಸುತ್ತಿರುತ್ತಾರೆ. ಅದರಲ್ಲಿ ಕರೆಂಟು ಸೆಕೆಂಡಿಗೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಸಲ ಹಿಂದೆ ಮುಂದೆ ಓಡುತ್ತದೆ. ಹಾಗೆ ಓಡಿದಾಗ ಮೇಲೆ ಅಯಸ್ಕಾಂತದ ಸೆಳೆತ ಹುಟ್ಟಿ, ಕ್ಷಣಕ್ಷಣಕ್ಕೂ ದಿಕ್ಕು ಬದಲಿಸುತ್ತದೆ. ಆ ಸೆಳೆತದಲ್ಲಿ ಕಬ್ಬಿಣದ ತಳವಿರುವ ಪಾತ್ರೆ ಸಿಕ್ಕರೆ ಅದರ ತಳದೊಳಗೇ ಕರೆಂಟು ಸುಳಿದು, ಪಾತ್ರೆ ತಾನೇ ಕಾಯುತ್ತದೆ. ಒಲೆ ಪಾತ್ರೆಯನ್ನು ಕಾಯಿಸುವುದಿಲ್ಲ, ಪಾತ್ರೆಯೇ ಒಲೆ. ಇದರ ಮೂಲ ತತ್ವವನ್ನು ಇಂಗ್ಲೆಂಡಿನ ಮೈಕೆಲ್ ಫ್ಯಾರಡೆ 1831ರಲ್ಲೇ ಕಂಡುಹಿಡಿದಿದ್ದ. ನಮ್ಮ ಟ್ರಾನ್ಸ್‌ಫಾರ್ಮರ್ ನಡೆಯುವುದೂ ಅದೇ ತತ್ವದ ಮೇಲೆ.

1950ರ ದಶಕದಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿಯ ಫ್ರಿಜಿಡೇರ್ ವಿಭಾಗದವರು ಊರೂರಿಗೆ ಇಂಥ ಒಲೆ ತೆಗೆದುಕೊಂಡು ಹೋಗಿ ಆಟ ತೋರಿಸುತ್ತಿದ್ದರು. ಒಲೆಯ ಮೇಲೆ ನ್ಯೂಸ್‌ಪೇಪರ್ ಹಾಸಿ, ಅದರ ಮೇಲೆ ನೀರಿನ ಪಾತ್ರೆ ಇಡುವುದು. ನೀರು ಕುದಿಯುತ್ತದೆ, ಪೇಪರಿಗೆ ಬೆಂಕಿ ಹತ್ತುವುದಿಲ್ಲ. ಜನ ಬಾಯಿಬಿಟ್ಟು ನೋಡಿದರು. ಆ ಒಲೆ ಮಾರಾಟಕ್ಕೆ ಮಾತ್ರ ಬರಲಿಲ್ಲ.

ಮಾರಾಟಕ್ಕೆ ತಂದವರು ವೆಸ್ಟಿಂಗ್‌ಹೌಸ್ ಕಂಪನಿಯವರು. 1971ರಲ್ಲಿ ಹ್ಯೂಸ್ಟನ್ನಿನ ಒಂದು ಮೇಳದಲ್ಲಿ ತೋರಿಸಿ, 1973ರಿಂದ ಮಾರಲು ಶುರು ಮಾಡಿದರು. ಕಾರಿನ ಇಗ್ನಿಷನ್ನಿಗೆಂದು ತಯಾರಾದ ಟ್ರಾನ್ಸಿಸ್ಟರುಗಳನ್ನೇ ಒಲೆಗೆ ಹಾಕಿದ್ದರು. ಬೆಲೆ 1,500 ಡಾಲರ್, ಆ ಕಾಲಕ್ಕೆ ಅಮೆರಿಕದವರಿಗೂ ದೊಡ್ಡ ದುಡ್ಡು. ಕೆಲವು ನೂರು ಒಲೆಗಳಷ್ಟೇ ತಯಾರಾದವು. ಆದರೆ ಒಂದು ಕೆಲಸ ಅವರು ಸರಿಯಾಗಿ ಮಾಡಿದರು: ಒಲೆಯ ಜತೆಗೆ ಅದಕ್ಕೆ ಹೊಂದುವ ಪಾತ್ರೆಗಳ ಒಂದು ಸೆಟ್ಟನ್ನೇ ಕೊಟ್ಟರು. ಐವತ್ತು ವರ್ಷದ ಮೇಲೆ ದೊಡ್ಡಮ್ಮನ ಡಬ್ಬಿಯಲ್ಲಿ ಬಂದದ್ದು ಒಲೆ, ವಾರಂಟಿ ಚೀಟಿ, ಇಂಗ್ಲಿಷ್ ಪುಸ್ತಿಕೆ. ಪಾತ್ರೆ ಇಲ್ಲ.

ಆಮೇಲೆ ಎಲೆಕ್ಟ್ರಾನಿಕ್ ಬಿಡಿಭಾಗಗಳು ಅಗ್ಗವಾದವು. ಜಪಾನ್, ಚೀನಾ ದಾಟಿ ಈ ಒಲೆ ನಮ್ಮ ಸಂತೆಪೇಟೆಯ ಸ್ಟೀಲ್ ಅಂಗಡಿಗೂ ಬಂತು. ಸರ್ಕಾರಗಳೂ ಕೈಹಾಕಿದವು. ದಕ್ಷಿಣ ಅಮೆರಿಕದ ಎಕ್ವಡಾರ್ ಎಂಬ ದೇಶ 2014ರಲ್ಲಿ 30 ಲಕ್ಷ ಮನೆಗಳಿಗೆ ಇಂಡಕ್ಷನ್ ಒಲೆ ಮುಟ್ಟಿಸುವ ಕಾರ್ಯಕ್ರಮ ಹಮ್ಮಿಕೊಂಡಿತು. ಅಡುಗೆಗೆಂದು ತಿಂಗಳಿಗೆ 80 ಯೂನಿಟ್ ಕರೆಂಟು ಉಚಿತ ಎಂದಿತು. ಅಲ್ಲಿ ಗ್ಯಾಸಿಗೂ ಭಾರೀ ಸಬ್ಸಿಡಿ ಇದ್ದುದರಿಂದ ಜನ ಅವಸರಪಡಲಿಲ್ಲ. ಗುರಿಯ ಅರ್ಧವೂ ಮುಟ್ಟಲಿಲ್ಲ. ನಮ್ಮ ದೇಶದಲ್ಲೂ 2023ರ ನವೆಂಬರಿನಲ್ಲಿ ಕೇಂದ್ರದ ಇಇಎಸ್‌ಎಲ್ ಸಂಸ್ಥೆ 20 ಲಕ್ಷ ಇಂಡಕ್ಷನ್ ಒಲೆ ಹಂಚುವ ಕಾರ್ಯಕ್ರಮ ಘೋಷಿಸಿದೆ. ಇವತ್ತಲ್ಲ ನಾಳೆ ನಿಮ್ಮ ಮನೆ ಬಾಗಿಲಿಗೂ ಯಾರಾದರೂ ಒಂದು ಡಬ್ಬಿ ತಂದಾರು. ಅದಕ್ಕೇ ಈ ಕೆಳಗಿನದನ್ನು ಬರೆಯುತ್ತಿದ್ದೇನೆ.

ಅಂಗಡಿಗೆ ಹೋಗುವ ಮೊದಲು

ದೊಡ್ಡಮ್ಮನ ಮನೆಯಲ್ಲಿ ನಾನು ಮೊದಲು ಕೇಳಿದ್ದು ಒಂದು ಅಯಸ್ಕಾಂತ. ಕೆಟ್ಟ ರೇಡಿಯೋ ಸ್ಪೀಕರಿನದು ಮೊಮ್ಮಗನ ಹತ್ತಿರ ಇತ್ತು. ಅಡುಗೆಮನೆಯ ಪಾತ್ರೆಗಳನ್ನೆಲ್ಲ ಬೋರಲು ಹಾಕಿ ತಳಕ್ಕೆ ಮುಟ್ಟಿಸಿದೆವು. ಹಿಂಡಾಲಿಯಂ ಪಾತ್ರೆಗಳು, ಮುದ್ದೆ ಪಾತ್ರೆ, ಹಳೇ ಕುಕ್ಕರ್, ಹಿತ್ತಾಳೆ ಚೊಂಬು, ತಾಮ್ರದ ಬಿಂದಿಗೆ, ಯಾವುದಕ್ಕೂ ಹಿಡಿಯಲಿಲ್ಲ. ಸ್ಟೀಲಿನಲ್ಲಿ ಕೆಲವಕ್ಕೆ ಹಿಡಿಯಿತು, ಕೆಲವಕ್ಕೆ ಇಲ್ಲ. ಕಬ್ಬಿಣದ ದೋಸೆ ಹಂಚಿಗೆ ಪಟ್ ಎಂದು ಅಂಟಿಕೊಂಡಿತು. ಇಪ್ಪತ್ತಮೂರು ಪಾತ್ರೆಯಲ್ಲಿ ಪಾಸಾದದ್ದು ಐದು. ಅದರಲ್ಲಿ ಒಂದಕ್ಕೆ ತಳ ಗುಂಡಗೆ, ಗಾಜಿನ ಮೇಲೆ ಓಲಾಡುತ್ತಿತ್ತು, ಅದೂ ಲೆಕ್ಕಕ್ಕಿಲ್ಲ. ತಳ ಚಪ್ಪಟೆ ಇರಬೇಕು, ತೀರ ಸಣ್ಣ ಲೋಟವಿಟ್ಟರೂ ಒಲೆ ಗುರುತಿಸುವುದಿಲ್ಲ. ದೊಡ್ಡಮ್ಮನ ಒಲೆ ಬಡಿದುಕೊಂಡದ್ದು ಕೆಟ್ಟು ಅಲ್ಲ, ಪಾತ್ರೆ ಸಿಗದೆ.

ಆದ್ದರಿಂದ ಒಲೆಯ ಬೆಲೆ ಎರಡು ಸಾವಿರ ಎಂದು ಅಂದುಕೊಳ್ಳಬೇಡಿ. ಇಂಡಕ್ಷನ್ ತಳದ ಒಂದು ಕುಕ್ಕರ್, ಒಂದು ಟೀ ಪಾತ್ರೆ, ಒಂದು ಸಾರಿನ ಪಾತ್ರೆ ಸೇರಿಸಿ ಲೆಕ್ಕ ಹಾಕಿ. ಆ ದುಡ್ಡು ಇಲ್ಲದಿದ್ದರೆ ಒಲೆಯನ್ನೂ ತರಬೇಡಿ.

ಎರಡನೆಯದು ಗೋಡೆ. 2000 ವ್ಯಾಟಿನ ಒಲೆ ಸುಮಾರು 9 ಆಂಪಿಯರ್ ಕರೆಂಟು ಎಳೆಯುತ್ತದೆ. ಮೊಬೈಲ್ ಚಾರ್ಜ್ ಹಾಕುವ ಸಣ್ಣ ಸಾಕೆಟ್ಟಿಗೆ ಅದನ್ನು ಚುಚ್ಚಿದರೆ ಸಾಕೆಟ್ಟು ಕರಗುತ್ತದೆ. ದಪ್ಪ ಪಿನ್ನಿನ 16 ಆಂಪಿಯರ್ ಸಾಕೆಟ್ಟು, ಮೀಟರ್ ಬೋರ್ಡಿನಿಂದ ಅಲ್ಲಿಗೆ ನೇರ 2.5 ಚದರ ಮಿಲಿಮೀಟರ್ ತಾಮ್ರದ ವೈರು, ಸರಿಯಾದ ಅರ್ಥಿಂಗ್ ಬೇಕು. ಎಕ್ಸ್‌ಟೆನ್ಷನ್ ಬೋರ್ಡು ಬೇಡವೇ ಬೇಡ. ಒಂದು ಬಲ್ಬಿಗೆಂದು ವೈರಿಂಗ್ ಆದ ಹಳೇ ಮನೆಗಳಲ್ಲಿ ಇದನ್ನು ಮೊದಲು ಮಾಡಿಸಿ, ಮಂಜೂರಾದ ಲೋಡ್ ಎಷ್ಟಿದೆ ಎಂದು ಬಿಲ್ಲಿನಲ್ಲಿ ನೋಡಿ. ಇನ್ನು ವೋಲ್ಟೇಜು. ನಿರಂತರ ಜ್ಯೋತಿ ಲೈನಿರುವ ಊರೊಳಗಿನ ಮನೆಗಳಲ್ಲಿ ಅಷ್ಟು ತೊಂದರೆ ಇಲ್ಲ. ಪಂಪ್‌ಸೆಟ್ ಲೈನಿನ ತೋಟದ ಮನೆಗಳಲ್ಲಿ ಸಂಜೆ ಏಳಕ್ಕೆ ಬಲ್ಬು ಮಿಣುಕು ಎನ್ನುತ್ತಿದ್ದರೆ ಈ ಒಲೆ ಕೆಲಸ ಮಾಡದು. ಅಂಥವರು ಅಡುಗೆ ಹೊತ್ತಿನಲ್ಲಿ ಎಲೆಕ್ಟ್ರಿಷಿಯನ್ನರಿಂದ ವೋಲ್ಟೇಜ್ ಅಳೆಸಿ, ಡಬ್ಬಿಯ ಮೇಲೆ ಬರೆದದ್ದರ ಜತೆ ಹೋಲಿಸಿ, ಆಮೇಲೆ ಮುಂದುವರಿಯಿರಿ.

ಮೂರನೆಯದು ಮೀಟರು, ಇಲ್ಲಿ ಸ್ವಲ್ಪ ನಿಲ್ಲಬೇಕು. 'ಹೆಂಗೂ ಕರೆಂಟು ಫ್ರೀ ಅಲ್ವಾ' ಎಂದು ಇಂಡಕ್ಷನ್ ತಂದವರು ನಮ್ಮೂರಲ್ಲೇ ಇದ್ದಾರೆ. 2023ರಲ್ಲಿ ಬಂದ ಗೃಹಜ್ಯೋತಿಯಲ್ಲಿ 200 ಯೂನಿಟ್ ಎಂಬುದು ಮೇಲಿನ ಮಿತಿ. ನಿಮ್ಮ ಮನೆಗೆ ಫ್ರೀ ಎಷ್ಟು ಎಂಬುದು 2022-23ರಲ್ಲಿ ನೀವು ಬಳಸಿದ ತಿಂಗಳ ಸರಾಸರಿ ಮತ್ತು ಅದರ ಮೇಲೆ ಶೇ 10. ಸರಾಸರಿ 48 ಯೂನಿಟ್‌ಗಿಂತ ಕಡಿಮೆ ಇದ್ದ ಮನೆಗಳಿಗೆ 2024ರಲ್ಲಿ ಆ ಶೇ 10ರ ಬದಲು 10 ಯೂನಿಟ್ ಎಂದು ಮಾಡಿದರು. ಅದನ್ನು ಮೀರಿದರೆ ಮೀರಿದಷ್ಟಕ್ಕೆ ದುಡ್ಡು. 200 ದಾಟಿದರೆ ಪೂರ್ತಿ ಬಿಲ್ಲು ನಿಮ್ಮದೇ.

ದೊಡ್ಡಮ್ಮನ ಮನೆಯ ಸರಾಸರಿ 42. ಅಂದರೆ 52 ಯೂನಿಟ್ ಫ್ರೀ. ಈಗ ಬಳಸುವುದು 45ರಿಂದ 50. ಉಳಿಕೆ ಬಹಳ ಇಲ್ಲ.

ಅಡುಗೆಗೆ ಎಷ್ಟು ಹೋಗುತ್ತದೆ? ಒಂದು ಲೀಟರ್ ನೀರು ಕುದಿಯಲು ಯೂನಿಟ್ಟಿನ ಹತ್ತನೇ ಒಂದು ಭಾಗ ಬೇಕು. ದಿನಕ್ಕೆ ಮೂರು ಸಲ ಟೀ, ಒಂದು ಹೊತ್ತು ಅನ್ನ, ಬೇಳೆ ಬೇಯಿಸಿ ಸಾರು ಎಂದರೆ ಸುಮಾರು ಒಂದು ಯೂನಿಟ್. ತಿಂಗಳಿಗೆ 30. ಯೂನಿಟ್ಟಿಗೆ 6 ರೂಪಾಯಿ ಎಂದು ಹಿಡಿದರೆ 180 ರೂಪಾಯಿ. ಅದೇ ಅಡುಗೆ ಗ್ಯಾಸಿನಲ್ಲಾದರೆ? 14.2 ಕೆ.ಜಿ. ಸಿಲಿಂಡರಿನ ಕಾವು, ಗ್ಯಾಸ್ ಒಲೆಯಲ್ಲಿ ಸೋರಿ ಹೋಗುವುದನ್ನು ಕಳೆದರೆ, ಇಂಡಕ್ಷನ್ನಿನ ಸುಮಾರು 140 ಯೂನಿಟ್ಟಿಗೆ ಸಮ. ಅಂದರೆ ತಿಂಗಳಿಗೆ ಸಿಲಿಂಡರಿನ ಐದನೇ ಒಂದು ಭಾಗಕ್ಕಿಂತ ತುಸು ಹೆಚ್ಚು. ಸಿಲಿಂಡರ್ 860 ರೂಪಾಯಿ ಎಂದುಕೊಂಡರೆ 184 ರೂಪಾಯಿ. ಉಜ್ವಲದ 300 ರೂಪಾಯಿ ಸಹಾಯಧನ ಬರುವವರಿಗೆ ಗ್ಯಾಸೇ ಅಗ್ಗ. ಮಟ್ಟೆ ಸೌದೆಗಂತೂ ದುಡ್ಡೇ ಇಲ್ಲ. ನಿಮ್ಮೂರಿನ ದರ ಹಾಕಿ ನೀವೂ ಲೆಕ್ಕ ಮಾಡಿ. ಫ್ರೀ ಯೂನಿಟ್ ಉಳಿಯುವ ಮನೆಯಾದರೆ ಲಾಭ, ಇಲ್ಲದಿದ್ದರೆ ಇಂಡಕ್ಷನ್ನಿನಿಂದ ದುಡ್ಡು ಉಳಿಯುತ್ತದೆ ಎನ್ನುವ ಅಂಗಡಿಯವನ ಮಾತು ನಮ್ಮ ಹಳ್ಳಿಗೆ ಅಷ್ಟಾಗಿ ಹೊಂದುವುದಿಲ್ಲ. ಉಳಿಯುವುದು ಎದೆ ಮತ್ತು ಕಣ್ಣು.

ಒಲೆ ಆರಿಸುವಾಗ ನನಗೆ ಮುಖ್ಯವಾಗಿ ಕಂಡದ್ದು ಇಷ್ಟು. ಐಎಸ್‌ಐ ಗುರುತು ಇರಲಿ. ಬಿಇಇ ನಕ್ಷತ್ರಗಳು ಈಗ ಇಂಡಕ್ಷನ್ ಒಲೆಗೂ ಬಂದಿವೆ, ಇದ್ದರೆ ನೋಡಿ. ಮುಟ್ಟಿದರೆ ಕೆಲಸ ಮಾಡುವ ನುಣುಪು ಗಾಜಿನ ಟಚ್‌ಗಿಂತ ಒತ್ತುವ ಬಟನ್ ವಾಸಿ, ನಮ್ಮ ಅಡುಗೆಮನೆಯಲ್ಲಿ ಕೈ ಯಾವಾಗಲೂ ಒದ್ದೆ. ಬಟನ್ ಮೇಲೆ ಇಡ್ಲಿ, ದೋಸೆ, ಹಾಲು ಎಂದು ಇಂಗ್ಲಿಷಿನಲ್ಲಿ ಬರೆದಿರುತ್ತಾರೆ. ನಾನು ನೋಡಿದ ಯಾವುದರಲ್ಲೂ ಮುದ್ದೆ ಇರಲಿಲ್ಲ. ಇಂಗ್ಲಿಷ್ ಓದಲು ಬಾರದವರಿಗೆ ಹೆಚ್ಚು ಕಡಿಮೆ ಮಾಡುವ ಎರಡು ಬಟನ್ ಸಾಕು. ಅಗ್ಗದ ಒಲೆಗಳಲ್ಲಿ ನಿಜವಾದ ಸಣ್ಣ ಉರಿ ಇಲ್ಲ. ಕಡಿಮೆ ಇಟ್ಟರೆ ಸ್ವಲ್ಪ ಹೊತ್ತು ಜೋರಾಗಿ ಕಾಯಿಸಿ ಆರುತ್ತದೆ, ಮತ್ತೆ ಕಾಯಿಸುತ್ತದೆ. ಅಂಗಡಿಯಲ್ಲೇ ನೀರಿಟ್ಟು ನೋಡಿ. ಅಡುಗೆ ಮುಗಿದ ಮೇಲೂ ಒಳಗಿನ ಫ್ಯಾನು ತಿರುಗುತ್ತಿರುತ್ತದೆ, ಅದು ನಿಲ್ಲುವ ತನಕ ಪ್ಲಗ್ ಕೀಳಬೇಡಿ. ಗಾಳಿ ಕಿಂಡಿಯಲ್ಲಿ ಜಿರಳೆ ಸೇರಿಕೊಳ್ಳುವುದು ಇನ್ನೊಂದು ಕಾಟ, ಗೋಡೆಯಿಂದ ಗೇಣು ದೂರ ಇಟ್ಟು ಒರೆಸುತ್ತಿರಿ. ಎದೆಯಲ್ಲಿ ಪೇಸ್‌ಮೇಕರ್ ಹಾಕಿಸಿಕೊಂಡವರು ಡಾಕ್ಟರನ್ನು ಕೇಳದೆ ಹತ್ತಿರ ಹೋಗಬಾರದು. ಎಲ್ಲಕ್ಕಿಂತ ಮೊದಲು, ರಿಪೇರಿ ಮಾಡುವವರು ತಾಲ್ಲೂಕಿನಲ್ಲಿ ಇದ್ದಾರೆಯೇ ಕೇಳಿ. ಇಲ್ಲದಿದ್ದರೆ ವಾರಂಟಿ ಚೀಟಿ ಬರೀ ಚೀಟಿ.

ಮುದ್ದೆಯ ಪ್ರಶ್ನೆ ಉಳಿಯಿತು. ನಾನೂ ದೊಡ್ಡಮ್ಮನೂ ಒಂದು ಭಾನುವಾರ ಮಾಡಿಯೇ ನೋಡಿದೆವು. ಪಕ್ಕದ ಮನೆಯಿಂದ ಚಪ್ಪಟೆ ತಳದ ದಪ್ಪ ಸ್ಟೀಲ್ ಪಾತ್ರೆ ಇಸಿದುಕೊಂಡು ಎಸರಿಟ್ಟರು. ನೀರು ಕುದಿಯುವುದು ಸೌದೆ ಒಲೆಗಿಂತ ಎಷ್ಟೋ ಬೇಗ, ಅದನ್ನು ಅವರೂ ಒಪ್ಪಿದರು. ಹಿಟ್ಟು ಹಾಕಿ ಬೇಯಲು ಬಿಟ್ಟಾಗ ನಡುವೆ ಜೋರು ಕಾವು, ಅಂಚಿಗೆ ಕಡಿಮೆ. ಒಲೆಯೊಳಗಿನ ಸುರುಳಿ ಪಾತ್ರೆಯ ತಳಕ್ಕಿಂತ ಸಣ್ಣದಿತ್ತು. ತಳ ಸ್ವಲ್ಪ ಸೀದಿತು. ತಿರುವುವ ಹೊತ್ತಿಗೆ ದೊಡ್ಡಮ್ಮ ಗಾಜನ್ನು ನೋಡಿದರು, ಕೈಯಲ್ಲಿದ್ದ ಮುದ್ದೆ ಕೋಲನ್ನು ನೋಡಿದರು, ಪಾತ್ರೆಯನ್ನು ಕೆಳಗಿಳಿಸಿ ಕಾಲಲ್ಲಿ ಒತ್ತಿ ಹಿಡಿದು ತಿರುವಿದರು. ಮುದ್ದೆ ಆಯಿತು. "ತಿನ್ನಬೌದು" ಅಂದರು. ಅವರ ಬಾಯಲ್ಲಿ ಅದು ಹೊಗಳಿಕೆ ಅಲ್ಲ.

ಒಲೆ ವಾಪಸ್ ಕಳಿಸಲಿಲ್ಲ. ವಾಪಸಿನ ಅವಧಿ ಮುಗಿದೇ ಹೋಗಿತ್ತು. ಮಗ ಈ ಸಲ ಫೋನ್ ಮಾಡಿ ಕೇಳಿದ, ಏನು ಬೇಕವ್ವ ಎಂದು. ಐದು ಲೀಟರಿನ ಕುಕ್ಕರ್, ಹಿಡಿ ಇರುವ ಟೀ ಪಾತ್ರೆ, ಗೋಡೆಗೆ ದಪ್ಪ ವೈರು ಎಂದು ಹೇಳಿದರು. ಈಗ ಬೆಳಗಿನ ಟೀ, ಸ್ನಾನಕ್ಕೆ ಹೋಗುವ ಮೊದಲು ಒಂದು ಚೊಂಬು ಬಿಸಿನೀರು, ರಾತ್ರಿಯ ಅನ್ನ ಸಾರು ಇಂಡಕ್ಷನ್ ಮೇಲೆ. ಮುದ್ದೆ, ರೊಟ್ಟಿ ಸೌದೆ ಒಲೆಯಲ್ಲಿ. ಸಂಜೆ ಹೊತ್ತು ಹೊಗೆ ಇಲ್ಲ. ಕೆಮ್ಮು ಕಡಿಮೆಯಾಯಿತಾ ಎಂದು ಮೊನ್ನೆ ಕೇಳಿದೆ. "ನೋಡನ, ಮಳೆಗಾಲ ಕಳೀಲಿ" ಅಂದರು. ಮೊದಲ ತಿಂಗಳ ಬಿಲ್ಲು 122 ರೂಪಾಯಿ ಬಂತು, ಕ್ಯಾಲೆಂಡರಿನ ಮೊಳೆಗೆ ಸಿಕ್ಕಿಸಿಟ್ಟಿದ್ದಾರೆ.